ಬರಗಾಲ ಮುಚ್ಚಿಟ್ಟ ಸೋರಿಕೆ

ಮಳೆ ಬಂತೆಂದು ಬೇಸರಪಡುವವರು ಬಿಳಿಚೋಡಿನಲ್ಲಿ ಹುಡುಕಿದರೂ ಸಿಗಲಾರರು. ಜಗಳೂರು ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಅನಂತರ ದಾವಣಗೆರೆಗೆ ಸೇರಿತು. ಜಿಲ್ಲೆ ಬದಲಾದರೂ ಆಕಾಶ ಬದಲಾಗಲಿಲ್ಲ. ಮುಗಿಲು ನೋಡುತ್ತ ಬದುಕುವುದು ಇಲ್ಲಿಯ ಜನಕ್ಕೆ ಹುಟ್ಟಿನಿಂದಲೇ ಬಂದ ಅಭ್ಯಾಸ. ಅಂಥ ಊರಿನಲ್ಲಿ, 2024ರ ಮೇ ತಿಂಗಳ ಮೂರನೆಯ ವಾರ ಕೃತ್ತಿಕೆ ಮಳೆ ಧೋ ಎಂದು ಸುರಿದ ರಾತ್ರಿ, ಅದನ್ನು ಮನಸಾರೆ ಶಪಿಸಿದವನು ಇಡೀ ಹೋಬಳಿಗೆ ನಾನೊಬ್ಬನೇ ಇದ್ದಿರಬೇಕು. ಕಾರಣ, ನನ್ನ ಹಳೆಯ ಕಾರಿನ ಮುಂದಿನ ಗಾಜು.

ವಿಷಯ ಕ್ಷುಲ್ಲಕವೆಂದು ಓದುಗರಿಗೆ ತೋರಬಹುದು. ಆ ರಾತ್ರಿಯವರೆಗೆ ನನಗೂ ಹಾಗೆಯೇ ತೋರಿತ್ತು.

ಕಾರು ಮಾರುತಿ 800, 2002ರ ಮಾದರಿ, ಎ.ಸಿ. ಇಲ್ಲದ್ದು. ಸರ್ಕಾರಿ ಜೀಪಿನಲ್ಲಿ ಊರೂರು ಅಲೆಯುತ್ತಿದ್ದ ಕಾಲದಲ್ಲಿ ಸಂಸಾರಕ್ಕೆಂದು ಸಾಲ ಮಾಡಿ ಕೊಂಡದ್ದು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿದ ಈ ಕಾರು ನಮ್ಮ ತಲೆಮಾರಿನ ಮಧ್ಯಮ ವರ್ಗದ ಎಷ್ಟೋ ಮನೆಗಳಿಗೆ ಮೊದಲ ಕಾರು; ನನಗೆ ಮೊದಲನೆಯದೂ ಹೌದು, ಕೊನೆಯದೂ ಹೌದು. ನಿವೃತ್ತನಾಗಿ ಅಣ್ಣನ ಜೊತೆ ಊರಿನಲ್ಲಿರಲು ಬಂದಾಗ ಅದೂ ನನ್ನೊಡನೆ ಬಂತು. ಹದಿನೈದು ವರ್ಷ ಮೀರಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದಾಗ ಮಗ ಫೋನ್ ಮಾಡಿ, 'ಅಪ್ಪ, ಅದನ್ನು ಗುಜರಿಗೆ ಹಾಕಿ' ಎಂದ. ನಾನು ಶುಲ್ಕ ಕಟ್ಟಿ ಬಂದೆ. ಹಳ್ಳಿಯಲ್ಲಿರುವ ಮುದುಕರಿಗೆ ಕಾರು ಶೋಕಿಯ ವಸ್ತುವಲ್ಲ. ರಾತ್ರಿ ಹೊತ್ತು ಯಾರಿಗಾದರೂ ಏನಾದರೂ ಆದರೆ ದಾವಣಗೆರೆ ಮುಟ್ಟಿಸಲು ಒಂದು ದಾರಿ, ಅಷ್ಟೆ.

2023ರ ಅಕ್ಟೋಬರಿನಲ್ಲಿ ದಾವಣಗೆರೆಯಿಂದ ಹಿಂದಿರುಗುವಾಗ, ಟಾರ್ಪಾಲು ಹೊದಿಸದ ಜಲ್ಲಿ ಟಿಪ್ಪರ್ ಒಂದರಿಂದ ಕಡಲೆ ಗಾತ್ರದ ಕಲ್ಲೊಂದು ಸಿಡಿದು ಗಾಜಿಗೆ ಬಡಿಯಿತು. ಮೊದಲು ನಕ್ಷತ್ರದಂಥ ಸಣ್ಣ ಗುರುತು. ಮರುದಿನ ಬಿಸಿಲಿಗೆ ಗೆರೆಯೊಂದು ಹೊರಟಿತು. ವಾರ ಕಳೆಯುವುದರೊಳಗೆ ಅದು ಚಾಲಕನ ಕಣ್ಣಿನ ನೇರಕ್ಕೆ ಬಂದು ನಿಂತಿತು. ಹಳೆಯ ಕಾರೆಂದು ಮೂರನೆಯ ವ್ಯಕ್ತಿಯ ವಿಮೆಯೊಂದನ್ನೇ ಇಟ್ಟುಕೊಂಡಿದ್ದೆ. ಸಮಗ್ರ ವಿಮೆ ಇದ್ದವರಿಗೆ ಒಂದು ಸ್ವಾರಸ್ಯದ ಸಂಗತಿ ತಿಳಿದಿರಬಹುದು: ಪರಿಹಾರ ಲೆಕ್ಕ ಹಾಕುವಾಗ ಗಾಜಿಗೆ ಸವಕಳಿಯೆಂದು ಏನೂ ಕಳೆಯುವುದಿಲ್ಲ, ಆದರೆ ರಬ್ಬರಿಗೆ ಅರ್ಧದಷ್ಟು ಕಳೆಯುತ್ತಾರೆ. ಗಾಜು ಮುದಿಯಾಗುವುದಿಲ್ಲ, ರಬ್ಬರು ಆಗುತ್ತದೆ ಎಂಬುದು ವಿಮೆಯವರಿಗೆ ಗೊತ್ತಿದೆ. ನನಗೆ ಆಗ ಗೊತ್ತಿರಲಿಲ್ಲ.

ದಾವಣಗೆರೆಯ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ಅಂಗಡಿಯವರು ಬಹಳ ಮರ್ಯಾದೆಯಿಂದ ಕೂರಿಸಿ ಚಹಾ ತರಿಸಿದರು. 'ಬಿಲ್ ಬೇಕಂದ್ರೆ ಮೂರು ಸಾವಿರದ ಆರುನೂರು ಆಗತ್ತೆ ಸಾರ್. ಬೇಡ ಅಂದ್ರೆ ಎರಡು ಸಾವಿರದ ಒಂಬೈನೂರು. ಗಾಜು ಅದೇ, ಕೆಲಸ ಅದೇ' ಎಂದರು. ನಡುವಿನ ಅಂತರ 700 ರೂಪಾಯಿ. ನಾನು ಬೇಡವೆಂದೆ. ಹಣವನ್ನು ನಗದಾಗಿ ಎಣಿಸಿಕೊಟ್ಟೆ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ತಹಶೀಲ್ದಾರನಾಗಿದ್ದ ವರ್ಷಗಳಲ್ಲಿ ಪ್ರತಿ ಡಿಸೆಂಬರ್ 24ರಂದು ನಾನು ರಾಷ್ಟ್ರೀಯ ಗ್ರಾಹಕ ದಿನಾಚರಣೆಯ ವೇದಿಕೆಯಲ್ಲಿರುತ್ತಿದ್ದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನ ಅದು. ಹೈಸ್ಕೂಲಿನ ಮಕ್ಕಳನ್ನು ಕೂರಿಸಿಕೊಂಡು, 'ಒಂದು ಪೆನ್ನು ಕೊಂಡರೂ ರಸೀದಿ ಕೇಳಿ ಪಡೆಯಿರಿ' ಎಂದು ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ಆ ಭಾಷಣ ನನಗೆ ಬಾಯಿಪಾಠವಾಗಿತ್ತು. ಅದೇ ಬಾಯಿಂದ 'ಬಿಲ್ ಬೇಡ ಬಿಡಿ' ಎಂದೆ. ಅಂಗಡಿಯವರು ನನ್ನನ್ನು ವಂಚಿಸಿದರೆಂದು ಹೇಳುವ ಮೊದಲು, ಖಜಾನೆಗೆ ಸಲ್ಲಬೇಕಾದ ತೆರಿಗೆಯನ್ನು ನಾವಿಬ್ಬರೂ ಕೂಡಿ ತಪ್ಪಿಸಿದೆವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಪಿಂಚಣಿ ಕೊಡುವುದೂ ಅದೇ ಖಜಾನೆ.

ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಹೊಸ ಗಾಜು ಫಳಫಳ ಹೊಳೆಯುತ್ತಿತ್ತು. 'ನೀರು ಬಿಟ್ಟು ನೋಡೋಣವೇ?' ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆ ವರ್ಷದ ಪರಿಸ್ಥಿತಿ ಹಾಗಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಹಂತಹಂತವಾಗಿ ಬರಪೀಡಿತವೆಂದು ಘೋಷಿಸಿದ ವರ್ಷ ಅದು. ನಮ್ಮ ಜಿಲ್ಲೆಯ ತಾಲ್ಲೂಕುಗಳೆಲ್ಲ ಅದರಲ್ಲಿದ್ದವು. ನಮ್ಮೂರಿನಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು ನಿಂತಿರುವಾಗ ಕಾರಿನ ಗಾಜಿನ ಮೇಲೆ ಪೈಪ್ ಹಿಡಿದು ನೀರು ಸುರಿಯಿರಿ ಎಂದು ಹೇಳಲು ನಾಲಗೆ ಏಳಲಿಲ್ಲ. ಸಂಕೋಚಕ್ಕೂ ಒಂದು ಬೆಲೆಯಿದೆ ಎಂಬುದು ಆಮೇಲೆ ತಿಳಿಯಿತು.

ಅಲ್ಲಿಂದ ಮುಂದಿನ ಆರು ತಿಂಗಳಿಗೂ ಹೆಚ್ಚು ಕಾಲ ಹೇಳಿಕೊಳ್ಳುವಂಥ ಮಳೆಯಾಗಲಿಲ್ಲ. ಎಲ್ಲೋ ನಾಲ್ಕು ಹನಿ ಬಿದ್ದಾಗಲೂ ಕಾರು ದನದ ಕೊಟ್ಟಿಗೆಯ ಪಕ್ಕದ ತಗಡಿನ ಕೆಳಗಿತ್ತು. ಹಾಗೆಂದು ಗಾಜು ಸುಮ್ಮನಿರಲಿಲ್ಲ. ವೇಗ ಅರವತ್ತು ದಾಟಿದೊಡನೆ ಎಡಗಡೆಯ ಮೇಲಿನ ಮೂಲೆಯಿಂದ ಸಣ್ಣದಾಗಿ ಶಿಳ್ಳೆಯ ಸದ್ದು ಬರುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡದುದ್ದಕ್ಕೂ, ಒರೆಸಿದ ಮರುದಿನವೇ ಕೆಂಪು ದೂಳಿನ ಗೆರೆ ಮೂಡುತ್ತಿತ್ತು. ಮೊದಲ ವಾರವಂತೂ ಕಾರಿನೊಳಗೆ ಹುಳಿ ಹುಳಿ ವಾಸನೆ. ನನ್ನ ಹೆಂಡತಿ ಉಪ್ಪಿನಕಾಯಿ ಜಾಡಿಯೇನಾದರೂ ಚೆಲ್ಲಿದೆಯೇ ಎಂದು ಸೀಟಿನಡಿಯೆಲ್ಲ ಹುಡುಕಿದಳು. ಶಿಳ್ಳೆಗೆ ಹಳೆಯ ಕಾರೆಂದೆ, ದೂಳಿಗೆ ಬಿಳಿಚೋಡು ಎಂದೆ, ವಾಸನೆಗೆ ಏನೂ ಹೇಳದೆ ಕಿಟಕಿ ತೆರೆದೆ. ದೂಳು ನುಸುಳಿದ ಕಡೆ ನೀರೂ ನುಸುಳುತ್ತದೆ ಎಂಬ ಸರಳ ತರ್ಕ ಮೂವತ್ತು ವರ್ಷ ಕಡತ ನೋಡಿದವನಿಗೆ ಹೊಳೆಯಲಿಲ್ಲ.

ಇನ್ನು ಆ ರಾತ್ರಿಗೆ ಬರುತ್ತೇನೆ. ಸಂಜೆಯಿಂದಲೇ ಗಾಳಿ, ಗುಡುಗು. ಎಂಟು ಗಂಟೆಗೆ ಮಳೆ ಹಿಡಿಯಿತು. ಊರೆಲ್ಲ ಜಗಲಿಯ ಮೇಲೆ ಬಂದು ಕುಳಿತು ಮಳೆ ನೋಡುತ್ತಿತ್ತು. ಒಂಬತ್ತರ ಸುಮಾರಿಗೆ ಅತ್ತಿಗೆ ಎದೆ ಹಿಡಿದುಕೊಂಡು, 'ಯಾಕೋ ಒತ್ತಿದಂಗೆ ಆಗ್ತೈತೆ' ಎಂದರು. ಮುಖವೆಲ್ಲ ಬೆವರು. ಅವರಿಗೆ ಎಪ್ಪತ್ತೊಂದು, ಸಕ್ಕರೆ ಕಾಯಿಲೆಯಿದೆ. ಆಂಬುಲೆನ್ಸಿಗೆ ಕಾಯುವುದಕ್ಕಿಂತ ಕಾರೇ ಮೇಲೆಂದು ಹೊರಟೆವು. ಹಿಂದೆ ಅತ್ತಿಗೆ ಮತ್ತು ನನ್ನ ಹೆಂಡತಿ, ಮುಂದೆ ಅಣ್ಣ.

ಊರು ದಾಟುವುದರೊಳಗೆ ಅಣ್ಣನ ಮೊಣಕಾಲಿನ ಮೇಲೆ ನೀರು ತೊಟ್ಟಿಕ್ಕತೊಡಗಿತು. ಆಮೇಲೆ ತೊಟ್ಟು ಹೋಗಿ ಧಾರೆಯಾಯಿತು. ಕಾಲಡಿಯ ಮ್ಯಾಟು ನೆಂದು ಚಪ್ಪಲಿ ತೇಲುವಂತಾಯಿತು. ಹೊರಗೆ ಮಳೆಗೆ ತಣ್ಣಗಾದ ಗಾಜು, ಒಳಗೆ ನಾಲ್ಕು ಜನರ ಉಸಿರು ಮತ್ತು ಒದ್ದೆ ಮ್ಯಾಟಿನ ಹಬೆ. ಗಾಜಿನ ಒಳಮೈ ಹಾಲಿನಂತೆ ಬೆಳ್ಳಗಾಯಿತು. ಅಣ್ಣ ಹೆಗಲ ಮೇಲಿನ ಟವಲಿನಿಂದ ಒರೆಸುತ್ತಿದ್ದ, ಒರೆಸಿದ ಅರೆಕ್ಷಣದಲ್ಲಿ ಮತ್ತೆ ಮುಸುಕುತ್ತಿತ್ತು. ಕಿಟಕಿ ಇಳಿಸಿದರೆ ಹಿಂದೆ ಕುಳಿತವರ ಮುಖಕ್ಕೆ ಮಳೆ ರಾಚುತ್ತಿತ್ತು. ಎದುರಿನಿಂದ ಲಾರಿಯೊಂದರ ಬೆಳಕು ಬಿದ್ದಾಗ ರಸ್ತೆ ಯಾವುದು, ಹೊಲ ಯಾವುದು ಎಂದು ತಿಳಿಯಲಿಲ್ಲ. ಅಷ್ಟರಲ್ಲಿ ವೈಪರ್ ನಿಂತುಹೋಯಿತು. ಈ ಕಾರಿನ ಫ್ಯೂಸುಗಳ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಕೆಳಗಿದೆ. ಗಾಜಿನ ಅಂಚಿನಿಂದ ಇಳಿದ ನೀರು ಅಲ್ಲಿಗೆ ದಾರಿ ಮಾಡಿಕೊಂಡಿತ್ತು.

ಹುಣಸೆಮರವೊಂದರ ಬುಡದಲ್ಲಿ ಕಾರು ನಿಲ್ಲಿಸಿದೆ. ಅತ್ತಿಗೆ ಮಾತನಾಡುತ್ತಿರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆವೆಂದು ನನ್ನನ್ನು ಕೇಳಿದರೆ ಒಂದು ಗಂಟೆ ಎಂದೇನು. ಅಣ್ಣ ಹತ್ತು ನಿಮಿಷ ಎನ್ನುತ್ತಾನೆ. ದಾವಣಗೆರೆಗೆ ಹೊರಟಿದ್ದ ಖಾಲಿ ಪಿಕಪ್ ಗಾಡಿಯೊಂದನ್ನು ಅಣ್ಣ ರಸ್ತೆ ನಡುವೆ ಕೈಯೊಡ್ಡಿ ನಿಂತು ತಡೆದ. ಚಾಲಕ ಇಪ್ಪತ್ತರ ಹುಡುಗ. ಒಂದು ಮಾತೂ ಆಡದೆ ಪಕ್ಕದ ಸೀಟಿನಲ್ಲಿದ್ದ ತನ್ನ ಗೆಳೆಯನನ್ನು ಹಿಂದಕ್ಕೆ, ಮಳೆಗೆ ಕಳಿಸಿ ಅತ್ತಿಗೆಯನ್ನೂ ಅಣ್ಣನನ್ನೂ ಮುಂದೆ ಕೂರಿಸಿಕೊಂಡು ಹೊರಟ. ಬಾಡಿಗೆ ಕೊಡಹೋದರೆ ತೆಗೆದುಕೊಳ್ಳಲಿಲ್ಲವಂತೆ. ನಾನೂ ನನ್ನ ಹೆಂಡತಿಯೂ ಮಳೆ ತಗ್ಗುವವರೆಗೆ ಆ ಕಾರಿನಲ್ಲಿ ಕಾಲು ಮೇಲೆತ್ತಿಕೊಂಡು ಕುಳಿತಿದ್ದೆವು.

ಸಣ್ಣ ಪ್ರಮಾಣದ ಹೃದಯಾಘಾತ ಎಂದರು ವೈದ್ಯರು. ಮೂರು ದಿನ ಇಟ್ಟುಕೊಂಡು ಕಳಿಸಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನೋಡಲು ಹೋದಾಗ ಅತ್ತಿಗೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ: 'ಏನಪ್ಪ, ಮಳೆ ಹದ ಆತಾ?'

ಒದ್ದೆ ಕಾರನ್ನು ಒಣಗಿಸಿ ಅದೇ ಅಂಗಡಿಗೆ ಹೋದೆ. ಈ ಸಲ ಚಹಾ ಬರಲಿಲ್ಲ. 'ಬಿಲ್ ಐತಾ ಸಾರ್?' ಎಂಬುದು ಮೊದಲ ಪ್ರಶ್ನೆ. ಇಲ್ಲವೆಂದೆ. 'ಆರು ತಿಂಗಳು ಆಗೋಯ್ತಲ್ಲ. ಹಳೇ ಗಾಡಿ, ಬಾಡಿನೇ ತುಕ್ಕು ಹಿಡಿದಿದ್ರೆ ನಾವೇನ್ ಮಾಡಾಕಾಗತ್ತೆ?' ಎಂಬುದು ಎರಡನೆಯದು. ಕೊನೆಗೆ ನನ್ನ ವಯಸ್ಸು ನೋಡಿಯೋ ಏನೋ, ಹುಡುಗನೊಬ್ಬನನ್ನು ಕರೆದು ಗಾಜಿನ ಸುತ್ತ ಸಿಲಿಕಾನ್ ಟ್ಯೂಬು ಹಿಂಡಿಸಿದರು. ಅದಕ್ಕೆ ದುಡ್ಡು ಕೇಳಲಿಲ್ಲ. ಕಾರಿನೊಳಗೆ ಮತ್ತೆ ಅದೇ ಉಪ್ಪಿನಕಾಯಿ ವಾಸನೆ. ರೋಹಿಣಿ ಮಳೆಯ ಮೊದಲ ಅಡ್ಡೆಗೇ ಮತ್ತೆ ಸೋರಿತು.

ಅರ್ಥಶಾಸ್ತ್ರ ಓದಿದವರಿಗೆ ಇಲ್ಲಿ ಒಂದು ಹಳೆಯ ಪಾಠ ನೆನಪಾಗದೆ ಇರದು. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಲೇಖನ ಬರೆದರು. ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದವು. ಅದೇ ಲೇಖನದ ಬಲದಿಂದ 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಂತು. ಮಾರುವವನಿಗೆ ಸರಕಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ; ಆದ್ದರಿಂದ ಕೊಳ್ಳುವವನು ಒಳ್ಳೆಯದಕ್ಕೂ ಹೆಚ್ಚು ಬೆಲೆ ಕೊಡಲು ಒಪ್ಪುವುದಿಲ್ಲ; ಹಾಗಾಗಿ ಒಳ್ಳೆಯ ಸರಕು ಮಾರುಕಟ್ಟೆ ಬಿಟ್ಟು ಹೋಗುತ್ತದೆ, ಕೆಟ್ಟದ್ದು ಉಳಿಯುತ್ತದೆ ಎಂಬುದು ಅದರ ಸಾರ. ಅಮೆರಿಕದವರು ಕೆಟ್ಟ ಕಾರನ್ನು 'ನಿಂಬೆಹಣ್ಣು' ಎನ್ನುತ್ತಾರೆ, ಆ ಲೇಖನದ ಶೀರ್ಷಿಕೆಯಲ್ಲೂ ಅದೇ ಪದವಿದೆ. ನಾವಾದರೋ ಕಾರು ಕೆಡದಿರಲೆಂದು ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತೇವೆ. ಮಾನಸಗಂಗೋತ್ರಿಯ ತರಗತಿಯಲ್ಲಿ ಇದನ್ನು ಓದುವಾಗ ನನಗೆ ಈ ವ್ಯತ್ಯಾಸ ಹೊಳೆದಿರಲಿಲ್ಲ.

ಆದರೆ ಗಾಜು ಕೂರಿಸುವ ಕೆಲಸ ಹಳೆಯ ಕಾರಿನ ವ್ಯಾಪಾರಕ್ಕಿಂತಲೂ ಸೂಕ್ಷ್ಮವಾದುದು. ಕೆಲವು ಸರಕುಗಳ ಗುಣ ಕೊಳ್ಳುವ ಮೊದಲೇ ಕಾಣುತ್ತದೆ, ಸೀರೆಯ ಹಾಗೆ. ಕೆಲವುದರ ಗುಣ ಬಳಸಿದ ಮೇಲೆ ತಿಳಿಯುತ್ತದೆ, ಹೋಟೆಲಿನ ಊಟದ ಹಾಗೆ. ಇನ್ನು ಕೆಲವು ಸೇವೆಗಳ ಗುಣ ಬಳಸಿದ ಮೇಲೂ ತಿಳಿಯುವುದಿಲ್ಲ. ಕೆಲಸದವನ ಮಾತನ್ನು ನಂಬಬೇಕು, ಅಷ್ಟೆ. ಗಾಜು ಈ ಮೂರರಲ್ಲಿ ಎಲ್ಲಿ ಸೇರುತ್ತದೆ? ಮಳೆ ಬೀಳುವ ತೀರ್ಥಹಳ್ಳಿಯಲ್ಲಿ ಎರಡನೆಯ ಗುಂಪಿಗೆ, ಒಣನೆಲದ ಜಗಳೂರಿನಲ್ಲಿ ಮೂರನೆಯ ಗುಂಪಿಗೆ. ಅದೇ ಗಾಜು, ಅದೇ ಕೆಲಸ. ತೀರ್ಥಹಳ್ಳಿಯಲ್ಲಾಗಿದ್ದರೆ ಜೂನ್ ತಿಂಗಳ ಮೊದಲ ವಾರದಲ್ಲೇ ಅಂಗಡಿಯವನ ಬಣ್ಣ ಬಯಲಾಗುತ್ತಿತ್ತು. ಬರದ ನಾಡಿನಲ್ಲಿ ಸೋರುವ ಗಾಜು ಎರಡು ವರ್ಷವಾದರೂ ಸುಭದ್ರವಾಗಿ ಕಾಣಬಲ್ಲದು.

ಆ ಎರಡು ವರ್ಷ ಎಂಬ ಮಾತಿಗೂ ಅರ್ಥವಿದೆ. 1986ರ ಕಾಯ್ದೆಯ ಸ್ಥಾನದಲ್ಲಿ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಇರುವ ಅವಧಿ ಎರಡು ವರ್ಷ. ಐದು ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವಿಲ್ಲ. ಇನ್ನೊಂದು ವಿಶೇಷವೆಂದರೆ, ಸರಕಿಗಾಗಲೀ ಸೇವೆಗಾಗಲೀ ರಸೀದಿ ಕೊಡದಿರುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಅಂದರೆ ಬಿಲ್ ಇಲ್ಲವೆಂದು ಕೈಚೆಲ್ಲಬೇಕಾದುದಿಲ್ಲ. ಬಿಲ್ ಕೊಡಲಿಲ್ಲವೆಂಬುದೇ ಒಂದು ದೂರು. ನನ್ನ ವಕೀಲ ಮಿತ್ರರೊಬ್ಬರು ದೂರು ಬರೆದುಕೊಡಲು ಮುಂದೆ ಬಂದರು ಕೂಡ. ನಾನು ಬೇಡವೆಂದೆ. ಆಯೋಗದ ಮುಂದೆ ಅಂಗಡಿಯವರು ಎದ್ದು ನಿಂತು, 'ಸ್ವಾಮಿ, ಬಿಲ್ ಬೇಡ ಅಂದದ್ದು ಇವರೇ' ಎಂದರೆ ನಾನೇನು ಹೇಳಲಿ? ಸುಳ್ಳು ಹೇಳಬೇಕು, ಇಲ್ಲವೇ ತಲೆತಗ್ಗಿಸಬೇಕು. ಕಾನೂನಿನಲ್ಲಿ ನನಗೆ ದಾರಿಯಿತ್ತು, ನಡೆಯಲು ಮುಖವಿರಲಿಲ್ಲ.

ಅಣ್ಣನೇ ದಾರಿ ತೋರಿಸಿದ. ಜಗಳೂರಿನಲ್ಲಿ ಲಾರಿ, ಬಸ್ಸುಗಳಿಗೆ ಗಾಜು ಕೂರಿಸುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಬೇವಿನ ಮರದ ನೆರಳೇ ಅವರ ಅಂಗಡಿ. ಅವರು ಬಂದು ಮೊದಲು ಮಾಡಿದ ಕೆಲಸವೆಂದರೆ ಕಾರಿನೊಳಗೆ ಕುಳಿತು ಮೂಸಿದ್ದು. 'ಸಿಲಿಕಾನ್ ಹಾಕ್ಯಾರೆ' ಎಂದರು. ಆ ಅಗ್ಗದ ಸಿಲಿಕಾನ್ ಗಟ್ಟಿಯಾಗುವಾಗ ವಿನೆಗರಿನ ಆಮ್ಲ ಬಿಡುತ್ತದೆ. ವಾಸನೆ ಅದರದ್ದೇ. ಬಚ್ಚಲುಮನೆಯ ಟೈಲ್ಸಿಗೆ ಅದು ಸರಿ. ಕಬ್ಬಿಣದ ತಗಡಿಗೆ ತಾಗಿದರೆ ಬಣ್ಣ ಕಿತ್ತ ಜಾಗದಲ್ಲೆಲ್ಲ ತುಕ್ಕು ಬೇಗ ಹಿಡಿಯುತ್ತದೆ. ಸೋರಿಕೆ ನಿಲ್ಲಿಸಲು ಹಾಕಿದ ಮದ್ದೇ ಮುಂದಿನ ಸೋರಿಕೆಗೆ ದಾರಿ ಮಾಡುತ್ತಿತ್ತು.

ಆಮೇಲೆ ಗಾಜಿನ ಮೂಲೆಯಲ್ಲಿದ್ದ ಗುರುತನ್ನು ಕೈಬೆರಳಿನಿಂದ ತೋರಿಸಿದರು. ಗಾಜು ಲ್ಯಾಮಿನೇಟೆಡ್, ಐಎಸ್‌ಐ ಮುದ್ರೆಯೂ ಇದೆ, ಗಾಜಿನದೇನೂ ತಪ್ಪಿಲ್ಲ ಎಂದರು. ನನಗೆ ಆಶ್ಚರ್ಯವಾಯಿತು. ನಕಲಿ ಗಾಜು ಹಾಕಿದ್ದಾರೆಂದೇ ನಾನು ಆರು ತಿಂಗಳ ಸಿಟ್ಟನ್ನೆಲ್ಲ ಗಾಜಿನ ಮೇಲೆ ಇಟ್ಟಿದ್ದೆ. ಎರಡು ಗಾಜಿನ ಹಾಳೆಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪದರವಿಟ್ಟು ಒತ್ತಿದ ಗಾಜು ಅದು. 1903ರಲ್ಲಿ ಎಡ್ವರ್ಡ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನ ಕೈಯಿಂದ ಸೀಸೆಯೊಂದು ಬಿದ್ದರೂ ಚೂರಾಗದೆ, ಒಳಗೆ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಅದನ್ನು ಹಿಡಿದಿಟ್ಟಿತೆಂಬ ಕಥೆ ಪ್ರಸಿದ್ಧವಾಗಿದೆ. 1909ರಲ್ಲಿ ಆತ ಪೇಟೆಂಟ್ ಪಡೆದ. ಕಲ್ಲು ಬಡಿದಾಗ ನನ್ನ ಹಳೆಯ ಗಾಜು ಮುಖಕ್ಕೆ ಸಿಡಿಯದೆ ಬರೀ ಬಿರುಕು ಬಿಟ್ಟದ್ದು ಆ ಸೀಸೆಯ ಪುಣ್ಯ. ಪಕ್ಕದ ಕಿಟಕಿಗಳ ಗಾಜು ಬೇರೆ ಜಾತಿಯದು. ಅದು ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಮುಂದಿನದು ಲ್ಯಾಮಿನೇಟೆಡ್ಡೇ ಆಗಿರಬೇಕು, ನೂರಕ್ಕೆ ಎಪ್ಪತ್ತರಷ್ಟಾದರೂ ಬೆಳಕು ಬಿಡಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ ಹೇಳುತ್ತದೆ. ಕಪ್ಪು ಫಿಲ್ಮ್ ಅಂಟಿಸಬಾರದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದೂ ಇದೇ ನಿಯಮವನ್ನು ಹಿಡಿದು. ಗಾಜಿಗೆ ಇಷ್ಟೆಲ್ಲ ಅಳತೆಗೋಲುಗಳಿವೆ. ಅದನ್ನು ಕೂರಿಸುವ ಕೈಗೆ ಆ ನಿಯಮದಲ್ಲಿ ಅಳತೆಗೋಲಿಲ್ಲ.

ಕೈಯ ತಪ್ಪು ಏನೆಂಬುದು ಗಾಜು ತೆಗೆದ ಮೇಲೆ ಕಂಡಿತು. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ 2002ರದ್ದೇ. ಇಪ್ಪತ್ತೊಂದು ವರ್ಷ ಬಿಸಿಲುಂಡು ಕೊಬ್ಬರಿ ಚಿಪ್ಪಿನಂತೆ ಸೆಡೆತುಕೊಂಡಿತ್ತು. ಹೊಸ ಗಾಜಿಗೆ ಅದನ್ನೇ ಎಳೆದು ತೊಡಿಸಿದ್ದರು. ಮೂಲೆಗಳಲ್ಲಿ ಅದು ತಗಡಿಗೆ ಕೂರುತ್ತಲೇ ಇರಲಿಲ್ಲ. ನೀರು ಎಡ ಮೇಲ್ಮೂಲೆಯಲ್ಲಿ ಒಳನುಗ್ಗಿ, ರಬ್ಬರಿನ ಕಾಲುವೆಯಲ್ಲಿ ಹರಿದು, ಕೆಳಗೆ ಎಲ್ಲೆಲ್ಲೋ ಇಳಿಯುತ್ತಿತ್ತು. 'ನೀರು ಬೀಳೋ ಜಾಗ ಬೇರೆ, ಬರೋ ಜಾಗ ಬೇರೆ ಸಾರ್. ಬಿದ್ದಲ್ಲಿ ಮೆತ್ತಿದರೆ ನಿಲ್ಲಂಗಿಲ್ಲ' ಎಂದರು ಚಾಚಾ. ತಗಡಿನ ಅಂಚಿನಲ್ಲಿ ಅಂಗೈಯುದ್ದ ತುಕ್ಕು. ಅಂಗಡಿಯವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಅವರು ತುಕ್ಕನ್ನು ನೋಡಿಯೂ ಹೇಳದೆ ಅದರ ಮೇಲೆ ಸಿಲಿಕಾನ್ ಬಳಿದಿದ್ದರು.

ಎರಡು ದಿನದ ಕೆಲಸ. ಸಿಲಿಕಾನನ್ನೆಲ್ಲ ಚಾಕುವಿನಿಂದ ಹೆರೆದು, ಥಿನ್ನರಿನಲ್ಲಿ ಒರೆಸಿ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿದು ರಾತ್ರಿ ಒಣಗಲು ಬಿಟ್ಟರು. ಮರುದಿನ ಹೊಸ ಬೀಡಿಂಗನ್ನು ಅರ್ಧ ಗಂಟೆ ಬಿಸಿಲಿಗಿಟ್ಟು ಮೆದುವಾದ ಮೇಲೆ ಗಾಜಿಗೆ ತೊಡಿಸಿದರು. ರಬ್ಬರಿನ ಒಳ ಗಾಡಿಯಲ್ಲಿ ಸುತ್ತಲೂ ನೈಲಾನ್ ಹುರಿ ಕೂರಿಸಿ, ಅದರ ಎರಡು ತುದಿಗಳನ್ನು ಕೆಳಗೆ ನಡುಮಧ್ಯದಲ್ಲಿ ಒಂದರ ಮೇಲೊಂದು ಹಾಯಿಸಿ ಕಾರಿನ ಒಳಕ್ಕೆ ಇಳಿಬಿಟ್ಟರು. ಸೋಪಿನ ನೀರು ಸವರಿದರು. ಮೊಮ್ಮಗ ಹೊರಗೆ ನಿಂತು ಎರಡೂ ಅಂಗೈಯಿಂದ ಗಾಜನ್ನು ಒತ್ತಿ ಹಿಡಿದ. ಚಾಚಾ ಒಳಗೆ ಕುಳಿತು ಹುರಿಯನ್ನು ಮೆಲ್ಲಮೆಲ್ಲನೆ ಎಳೆಯತೊಡಗಿದರು. ಎಳೆದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಪಟ್, ಪಟ್ ಎಂದು ಒಳಗೆ ಬಂದು ಕೂರುತ್ತಿತ್ತು. ಎಮ್ಮೆ ಕರೆಯುವಾಗ ಇರುವಂಥ ಲಯ ಅದರಲ್ಲಿತ್ತು. ಅವಸರವಿಲ್ಲ, ನಿಲುಗಡೆಯೂ ಇಲ್ಲ. ಒಂದು ಸುತ್ತು ಮುಗಿಯಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷದಲ್ಲಿ ಅವರು ನನ್ನೊಡನೆ ಮಾತನಾಡಲಿಲ್ಲ.

ಹೊಸ ಕಾರುಗಳನ್ನು ನೀವು ಮಾಡುತ್ತೀರೋ ಎಂದು ಆಮೇಲೆ ಕೇಳಿದೆ. ಇಲ್ಲವೆಂದರು. ಕಾರಣ ಕೇಳುವಂಥದ್ದು. ಈಗಿನ ಕಾರುಗಳಲ್ಲಿ ರಬ್ಬರಿಲ್ಲ; ಪಾಲಿಯುರೆಥೇನ್ ಎಂಬ ಅಂಟಿನಿಂದ ಗಾಜನ್ನು ತಗಡಿಗೇ ಅಂಟಿಸುತ್ತಾರೆ. ಅಲ್ಲಿ ಗಾಜು ಬರೀ ಗಾಳಿ ಮಳೆಯ ಮರೆಯಲ್ಲ, ಕಾರಿನ ಅಸ್ಥಿಪಂಜರದ ಒಂದು ಭಾಗ; ಕಾರು ಮಗುಚಿದರೆ ಚಾವಣಿಗೆ ಆಸರೆ. ಹೊಸ ಕಾರುಗಳಲ್ಲಿ 2019ರ ಜುಲೈಯಿಂದ ಚಾಲಕನಿಗೂ 2022ರಿಂದ ಪಕ್ಕದವರಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಷ್ಟೋ ಕಾರುಗಳಲ್ಲಿ ಮೇಲಕ್ಕೆ ಚಿಮ್ಮಿ ಗಾಜಿಗೆ ಒರಗಿ ಉಬ್ಬುತ್ತದೆ. ಅಂಟು ಸರಿಯಾಗಿ ಹಿಡಿದಿರದಿದ್ದರೆ ಗಾಜೇ ಕಿತ್ತುಹೋಗಬಹುದು, ಏರ್‌ಬ್ಯಾಗಿಗೆ ಬೆನ್ನೊತ್ತಿಲ್ಲದಂತಾಗಬಹುದು. ಅದಕ್ಕೆಂದೇ ಅಂಟು ಒಣಗುವಷ್ಟು ಹೊತ್ತು ಕಾರನ್ನು ಓಡಿಸಬಾರದು, ಬಾಗಿಲನ್ನು ಧಡಾರನೆ ಹಾಕಬಾರದು (ಒಳಗಿನ ಗಾಳಿಯ ಒತ್ತಡಕ್ಕೆ ಹಸಿ ಅಂಟು ಬಿಡುತ್ತದೆ), ಒಂದು ಕಿಟಕಿಯನ್ನು ಬೆರಳಿನಷ್ಟು ಇಳಿಸಿಡಬೇಕು. ಎಷ್ಟು ಗಂಟೆ ಎಂಬುದು ಅಂಟನ್ನೂ ಹವೆಯನ್ನೂ ಅವಲಂಬಿಸಿದೆ. ಕೇಳಿ ಬರೆಯಿಸಿಕೊಳ್ಳುವುದು ಒಳ್ಳೆಯದು. ಅರ್ಧ ಗಂಟೆಯಲ್ಲಿ ಕೀಲಿಕೈ ಕೊಟ್ಟು ಕಳಿಸುವವರನ್ನು ನಾನೇ ಕಂಡಿದ್ದೇನೆ. ನನ್ನ ಹಳೆಯ ಕಾರು ಸೋರಿ ತನ್ನ ದೋಷವನ್ನು ಹೇಳಿಕೊಂಡಿತು. ಅಂಟಿನ ಕಾರು ಒಂದು ಹನಿಯೂ ಸೋರದೆ, ಅಪಘಾತದ ದಿನದವರೆಗೆ ಗುಟ್ಟು ಕಾಯ್ದುಕೊಳ್ಳಬಲ್ಲದು. 'ಅದರ ಸಾಮಾನು ನನ್ನ ಹತ್ರ ಇಲ್ಲ, ಅರ್ಧ ಗೊತ್ತಿರೋ ಕೆಲಸ ಮಾಡಬಾರದು' ಎಂದರು ಚಾಚಾ.

ಬೀಡಿಂಗಿಗೆ 650, ಕೂಲಿ 500. ಒಟ್ಟು 1,150 ರೂಪಾಯಿ.

'ನೀರು ಬಿಟ್ಟು ನೋಡೋಣ' ಎಂದು ಈ ಸಲ ನಾನೇ ಹೇಳಿದೆ. ಕೊಳವೆಬಾವಿಗಳಲ್ಲಿ ಮತ್ತೆ ನೀರು ಬಂದಿತ್ತು, ಸಂಕೋಚಕ್ಕೆ ಕಾರಣವಿರಲಿಲ್ಲ. ಮೊಮ್ಮಗ ಏಣಿ ಹತ್ತಿ ಕೊಡದಿಂದ ಸುರಿದ, ಮೇಲಿನಿಂದ ಕೆಳಕ್ಕಲ್ಲ, ಮೊದಲು ಕೆಳಗಿನಿಂದ ಆರಂಭಿಸಿ ಒಂದೊಂದೇ ಮೂಲೆಗೆ. ಹಾಗೆ ಮಾಡಿದರೆ ಮಾತ್ರ ನೀರು ಎಲ್ಲಿ ನುಗ್ಗುತ್ತದೆಂದು ಗೊತ್ತಾಗುತ್ತದಂತೆ. ಚಾಚಾ ಒಳಗೆ ಕುಳಿತು ಹಳೆಯ ವೃತ್ತಪತ್ರಿಕೆಯನ್ನು ಅಂಚಿನುದ್ದಕ್ಕೂ ಹಿಡಿದರು. ಕಾಗದ ಒಣಗಿಯೇ ಇತ್ತು.

ದುಡ್ಡು ಕೊಟ್ಟು ರಸೀದಿ ಕೇಳಿದೆ. ಚಾಚಾ ನಕ್ಕರು. 'ನಲವತ್ತು ವರ್ಷದಲ್ಲಿ ಯಾರೂ ಕೇಳಿಲ್ಲ ಸಾರ್' ಎಂದರು. ನಾನು ಬಿಡಲಿಲ್ಲ. ಕೊನೆಗೆ ಮೊಮ್ಮಗ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಅದರ ಬೆನ್ನಿಗೆ ತಾರೀಕು ಹಾಕಿ, 'ಬೀಡಿಂಗ್ 1, ಕೂಲಿ, ಸೋರಿದರೆ ನಾವೇ ನೋಡುತ್ತೇವೆ' ಎಂದು ಬರೆದ. ಚಾಚಾ ಉರ್ದುವಿನಲ್ಲಿ ರುಜು ಹಾಕಿದರು. ಜುಲೈ, ಆಗಸ್ಟಿನ ಮಳೆಗಳಲ್ಲಿ ಅತ್ತಿಗೆಯನ್ನು ನಾಲ್ಕು ಸಲ ತಪಾಸಣೆಗೆ ಕರೆದೊಯ್ದೆ. ಅಣ್ಣ ಈಗಲೂ ಮುಂದೆ ಕುಳಿತೊಡನೆ ಟವಲನ್ನು ಮೊಣಕಾಲಿನ ಮೇಲೆ ಹರವಿಕೊಳ್ಳುತ್ತಾನೆ. ಆ ಕ್ಯಾಲೆಂಡರ್ ಹಾಳೆ ಆರ್.ಸಿ. ಪುಸ್ತಕದೊಳಗಿದೆ.